ಟೊಮೆಟೊ ಗಲ್ಲಿಯಲ್ಲಿ ಚಂದ್ರವ್ವನ ಜಾಗ

ಬೈಕುಲ್ಲಾ ಮಾರ್ಕೆಟ್ಟಿನ ಟೊಮೆಟೊ ಗಲ್ಲಿಯಲ್ಲಿ ಚಂದ್ರವ್ವ ಕೂರುತ್ತಿದ್ದ ಜಾಗಕ್ಕೆ ನಂಬರು ಇರಲಿಲ್ಲ. ಈಶ್ವರನ ಅಂಗಡಿಯ ಪಕ್ಕದ ಗೋಡೆ, ಗೋಡೆಯ ಬುಡದಲ್ಲಿ ಗಟಾರ, ಗಟಾರದ ಮೇಲೆ ಎರಡು ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಅವಳ ಗೋಣಿತಟ್ಟು. ಇಷ್ಟೇ. ಅವಳ ಗಂಡ ಶಿವಪುತ್ರಪ್ಪ ಇದೇ ಗಲ್ಲಿಯಲ್ಲಿ ಹಮಾಲನಾಗಿದ್ದ. ಒಂದು ಮಳೆಗಾಲದಲ್ಲಿ ಲಾರಿಯಿಂದ ಕ್ರೇಟು ಇಳಿಸುವಾಗ ಜಾರಿಬಿದ್ದು ಸೊಂಟ ಮುರಿದುಕೊಂಡ. ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ. ದಿನಕರ್ಮ ಮುಗಿದ ಮೇಲೆ ಗಲ್ಲಿಯ ವ್ಯಾಪಾರಿಗಳು ಕೂಡಿ, "ಗ್ವಾಡಿ ಬಾಜೂಕ ಕುಂಡ್ರವಾ, ನಿನ್ನ ಯಾರೂ ಎಬ್ಬಸಂಗಿಲ್ಲ" ಎಂದರು. ಆ ಮಾತೊಂದೇ ಅವಳ ಪರವಾನಗಿ. ಮಾತಿನಿಂದ ಸಿಕ್ಕ ಜಾಗ ಮಾತಿನಿಂದಲೇ ಹೋಗಬಹುದೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಗಲ್ಲಿಯಲ್ಲಿ ಅವಳು ಯಾರ ಮಾತಿಗೂ ಎದುರಾಡಿದವಳಲ್ಲ.

ಆ ಗಲ್ಲಿ ನಡೆಯುವುದೇ ನಂಬಿಕೆಯ ಮೇಲೆ. ರಾತ್ರಿಯೆಲ್ಲ ಕ್ರೇಟುಗಳು ತಾಡಪತ್ರಿ ಹೊದ್ದು ಬಯಲಲ್ಲೇ ನಿಂತಿರುತ್ತವೆ. ಬಾಗಿಲು, ಬೀಗ ಯಾವುದೂ ಇಲ್ಲ. ಕುಡಿದು ಬಂದು ಜಗಳ ತೆಗೆದವನನ್ನು ಗಲ್ಲಿ ಮರುದಿನ ಮರೆಯುತ್ತದೆ. ಆದರೆ ಯಾರದೋ ಮಾಲಿಗೆ ಕೈ ಹಾಕಿದವನು ಎಷ್ಟೇ ಹಳಬನಾಗಿರಲಿ, ಆಮೇಲೆ ಆ ಗಲ್ಲಿಯಲ್ಲಿ ಕಾಲಿಡುವಂತಿಲ್ಲ. ಅಂಥವರನ್ನು ಚಂದ್ರವ್ವ ಕಂಡಿದ್ದಳು. ಅವರ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

ಚಂದ್ರವ್ವನದು ಒಡಕು ಮಾಲಿನ ವ್ಯಾಪಾರ. ಕ್ರೇಟಿನಲ್ಲಿ ಒತ್ತಿಕೊಂಡು ಸೀಳಿದ್ದು, ಮೆತ್ತಗಾದದ್ದು, ಆಕಾರ ಕೆಟ್ಟದ್ದು, ಇವನ್ನು ವ್ಯಾಪಾರಿಗಳು ಬದಿಗೆ ಸುರಿಯುತ್ತಾರೆ. ಅವಳು ಅದನ್ನು ಕೊಂಡು ಆರಿಸಿ, ಪಾವ್‌ಭಾಜಿ ಗಾಡಿಯವರಿಗೂ ಹೋಟೆಲಿನ ಅಡುಗೆಮನೆಗಳಿಗೂ ಮಾರುತ್ತಿದ್ದಳು. ಒಡಕು ಮಾಲೆಂದರೆ ಹುಳುಕು ಮಾಲಲ್ಲ ಎನ್ನುವುದು ಅವಳ ಹಟ. ಪ್ರತಿ ಹಣ್ಣಿನ ಹಸಿರು ತೊಟ್ಟನ್ನು ಎತ್ತಿ ಕೆಳಗೆ ನೋಡುತ್ತಿದ್ದಳು. ಅಲ್ಲಿ ಸೂಜಿ ಚುಚ್ಚಿದಂಥ ತೂತು, ತೂತಿನ ಬಾಯಲ್ಲಿ ಕಪ್ಪು ಪುಡಿ ಕಂಡರೆ ಆ ಹಣ್ಣು ಗಟಾರಕ್ಕೆ.

ಈ ಹುಳ ಮೊದಲು ಇಲ್ಲಿರಲಿಲ್ಲ. ಶಿವಪುತ್ರಪ್ಪ ಗಟ್ಟಿಯಾಗಿದ್ದ ಕಾಲದಲ್ಲಿ ಟೊಮೆಟೊದೊಳಗೆ ಸಿಗುತ್ತಿದ್ದದ್ದು ದಪ್ಪನೆಯ ಹಸಿರು ಹುಳ. ಅದು ಕೊರೆದ ತೂತು ಕುರುಡನಿಗೂ ತಿಳಿಯುತ್ತಿತ್ತು. ಈಗಿನದು ದಕ್ಷಿಣ ಅಮೆರಿಕದಿಂದ ಬಂದದ್ದಂತೆ. ಹೇಗೆ ಬಂತು, ಯಾವ ಹಡಗಿನಲ್ಲಿ ಬಂತು, ಯಾರಿಗೂ ತಿಳಿಯದು. ಹತ್ತು ವರ್ಷದ ಹಿಂದೆ ಪುಣೆಯ ಕಡೆ ಕಂಡಿತು, ಆಮೇಲೆ ಎಲ್ಲೆಡೆ ಹಬ್ಬಿತು. ಗಲ್ಲಿಯವರು ಅದನ್ನು ಟೂಟಾ ಎನ್ನುತ್ತಾರೆ. ಮರಿಹುಳ ಎಲೆಯ ಒಳಗೇ ಸುರಂಗ ತೋಡುತ್ತದೆ, ಹಣ್ಣಿನ ತೊಟ್ಟಿನಡಿ ಹೊಗುತ್ತದೆ. ದೊಡ್ಡದಾದರೆ ಬೂದಿ ಬಣ್ಣದ ಪತಂಗ, ಅಕ್ಕಿಕಾಳಿನಷ್ಟು. ಬಿಸಿಲಿನ ತಿಂಗಳುಗಳಲ್ಲಿ ಅದರ ಹಾವಳಿ ಹೆಚ್ಚು.

ಕುರ್ಲಾದ ಚಾಳಿನ ಒಂದು ಕೋಣೆಯಲ್ಲಿ ಚಂದ್ರವ್ವ ಮತ್ತು ಸೊಸೆ ವಂದನಾ ಇಬ್ಬರೇ ಇರುತ್ತಿದ್ದರು. ಮಗ ಸಂತು ಲಾರಿ ಓಡಿಸುತ್ತಾನೆ. ಗುಜರಾತಿನ ಕಡೆ ಹೋದರೆ ಯಾವಾಗ ಬರುತ್ತಾನೋ ಅವನಿಗೇ ಗೊತ್ತಿಲ್ಲ. ವಂದನಾಳ ತಂದೆತಾಯಿ ಬೆಳಗಾವಿ ಕಡೆಯವರಾದರೂ ಅವಳು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಕನ್ನಡ ತಿಳಿಯುತ್ತಿತ್ತು, ಆಡುವಾಗ ತಡವರಿಸುತ್ತಿತ್ತು. ಅತ್ತೆ ಮೊದಲ ಲೋಕಲ್‌ಗೆ ಹೊರಡುವಾಗ ಸೊಸೆ ಮಲಗಿರುತ್ತಿದ್ದಳು, ಸೊಸೆ ಕೆಲಸದಿಂದ ಬರುವಾಗ ಅತ್ತೆ ತೂಕಡಿಸುತ್ತಿದ್ದಳು. ಮದುವೆಯಾಗಿ ಎರಡು ವರ್ಷವಾದರೂ ಅವರ ನಡುವೆ ಅನ್ನ, ನೀರು, ಬಾಗಿಲು ಎಂಬಷ್ಟೇ ಮಾತು. ಜಗಳವಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಬೆಳೆದಿರಲಿಲ್ಲ.

ವಂದನಾ ಕೆಲಸ ಮಾಡುತ್ತಿದ್ದದ್ದು ಕುರ್ಲಾದಲ್ಲೇ, ಒಂದು ಸಣ್ಣ ಕಾರ್ಖಾನೆಯಲ್ಲಿ. ಬೆರಳತುದಿ ಗಾತ್ರದ ರಬ್ಬರ್ ಬೂಚುಗಳಿಗೆ ಯಾವುದೋ ದ್ರವದ ಹನಿ ಬಿಟ್ಟು, ಒಣಗಿಸಿ, ಬೆಳ್ಳಿ ಕಾಗದದ ಪಾಕೀಟಿನಲ್ಲಿ ಮುಚ್ಚುವುದು ಅಲ್ಲಿನ ಹೆಂಗಸರ ಕೆಲಸ. ಪಾಕೀಟಿನ ಮೇಲೆ ಒಂದು ಪತಂಗದ ಚಿತ್ರ, ಚಿತ್ರದ ಮೇಲೆ ಕೆಂಪು ಅಡ್ಡಗೆರೆ. ಬೂಚನ್ನು ಹೊಲದಲ್ಲಿ ಹೇಗೆ ಬಳಸುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಹುಳದ ಔಷಧಿ ಎಂದು ಎಲ್ಲರೂ ತಿಳಿದಿದ್ದರು. ಕೂದಲೆಳೆಯಷ್ಟು ಸೀಳಿದ ಬೂಚುಗಳನ್ನೂ ಬೇರೆ ಡಬ್ಬಿಗೆ ಹಾಕಬೇಕು. ಅವನ್ನೂ ಹೊರಗೆ ಒಯ್ಯುವಂತಿಲ್ಲ. ಹಿಂದಿನ ವರ್ಷ ಸೌಮ್ಯಾ ಎಂಬವಳ ಚೀಲದಲ್ಲಿ ಎರಡು ಪಾಕೀಟು ಸಿಕ್ಕಿದ್ದಕ್ಕೆ ಅವಳನ್ನು ನಿಂತ ಕಾಲಲ್ಲಿ ಕಳಿಸಿದ್ದರು.

ಹೋಳಿ ಕಳೆದ ವಾರ ಒಂದು ಸಂಜೆ ವಂದನಾ ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಬೂಚುಗಳನ್ನು ಅತ್ತೆಯ ಮುಂದಿಟ್ಟಳು.

"ಅತ್ತಿ, ಇದ ತಗೊರಿ. ನಿಮ್ಮ ಟಮಾಟಿಗೆ."

"ಏನವಾ ಇದು?"

"ನಮ್ಮ ಕಂಪನಿದು ದವಾ, ಔಷಧಿ. ಟೂಟಾ ಸಾಠೀನ ಮಾಡ್ತಾರ. ಮಾಲಿನ್ಯಾಗ ಇಟ್ರ ಕೀಡಾ ಹತ್ತಂಗಿಲ್ಲ."

ಚಂದ್ರವ್ವ ಒಂದನ್ನು ಮೂಗಿಗೆ ಹಿಡಿದಳು. ರಬ್ಬರಿನದಲ್ಲದೆ ಬೇರೆ ವಾಸನೆ ಬರಲಿಲ್ಲ. ವಿಜಯಪುರದ ತವರಿನಲ್ಲಿ ಅವಳವ್ವ ಜೋಳದ ಚೀಲದಲ್ಲಿ ಬೇವಿನ ತಪ್ಪಲು ಹಾಕಿಡುತ್ತಿದ್ದದ್ದು ನೆನಪಾಯಿತು. ಇದೂ ಹಾಗೆಯೇ. ಅದಕ್ಕಿಂತ ಹೆಚ್ಚಾಗಿ ಅವಳ ಮನಸ್ಸಿಗೆ ತಾಕಿದ್ದು ಬೇರೆ. ಅತ್ತೆಯ ಕೆಲಸ ಏನು, ಅದರ ತೊಂದರೆ ಏನು ಎಂದು ಈ ಹುಡುಗಿ ಯೋಚಿಸಿದ್ದಳು. ಗಂಟು ಕಟ್ಟಿ, ಹೆದರುತ್ತ ತಂದಿದ್ದಳು.

"ಯಾರರ ನೋಡಿದ್ರ?" ಎಂದಳು ಚಂದ್ರವ್ವ.

"ಸೀಳಿದ್ದು ರೀ ಅವು. ಜಲಾ ದೇತೇ ಹೈ, ಸುಡ್ತಾರ. ಕೋಣ್ ಬಘ್ತಯ್, ಯಾರ್ ನೋಡ್ತಾರ."

ಮರುದಿನ ಚಂದ್ರವ್ವ ಬೂಚುಗಳನ್ನು ರಾಶಿಯ ನಡುವೆ ಅಲ್ಲಲ್ಲಿ ಸೇರಿಸಿದಳು. ಉಳಿದವನ್ನು ಗೋಣಿತಟ್ಟಿನ ಕೆಳಗೆ, ಗೋಡೆಯ ಸಂದಿನಲ್ಲಿ ಇಟ್ಟಳು. ಮಾಲು ಕಾಯುವ ದೇವರನ್ನು ಕೂರಿಸಿದಷ್ಟೇ ನೆಮ್ಮದಿಯಾಯಿತು.

ಎರಡು ದಿನ ಕಳೆದ ಮೇಲೆ ಬೆಳಕು ಹರಿಯುವ ಹೊತ್ತಿಗೆ ಅವಳ ರಾಶಿಯ ಮೇಲೆ ಬೂದಿ ಬಣ್ಣದ ಪತಂಗಗಳು ಕೂತಿದ್ದವು. ಕೈ ಬೀಸಿದರೆ ಏಳುತ್ತವೆ, ಗಳಿಗೆಯಲ್ಲೇ ಮತ್ತೆ ಬರುತ್ತವೆ. ಗಲ್ಲಿಯಲ್ಲಿ ಪತಂಗ ಹೊಸದಲ್ಲ, ಕ್ರೇಟುಗಳ ಜೊತೆ ಒಂದೆರಡು ಬಂದೇ ಬರುತ್ತವೆ. ಇಷ್ಟು ಎಂದೂ ಇರಲಿಲ್ಲ.

"ಏನ್ ಕಾಕು, ಬೀಗರು ಬಂದಾರಲ್ಲ," ಎಂದ ಈಶ್ವರ. ಧಾರವಾಡ ಕಡೆಯವನು, ಬಾಯಿ ತುಂಬ ಎಲೆಯಡಿಕೆ, ನಗಿಸದೆ ಬಿಡುವವನಲ್ಲ.

"ಬರ್ಲಿ ಬಿಡಪಾ, ನಿನ್ನ ಅಂಗಡಿಗೆ ಹೋಗೂಕಿಂತ ಬಡವಿ ಮನೀ ಛಲೋ ಅಂತ ಬಂದಾವ," ಎಂದಳು ಅವಳು.

ಹಮಾಲರು ನಕ್ಕರು. ಚಂದ್ರವ್ವನೂ ನಕ್ಕಳು. ಸಂಜೆ ಮನೆಗೆ ಹೋದಾಗ ಮಾತ್ರ ವಂದನಾಳಿಗೆ, "ಹುಳಾ ಭಾಳ ಆಗ್ಯಾವವಾ. ಇನ್ನೊಂದೀಟು ಸಿಗ್ತಾವೇನು?" ಎಂದು ಕೇಳಿದಳು. ಸೊಸೆಯ ಮುಖ ಅರಳಿತು. ಮರುದಿನವೇ ತಂದುಕೊಟ್ಟಳು.

ಬೂಚು ಹೆಚ್ಚಿದಷ್ಟೂ ಪತಂಗ ಹೆಚ್ಚಿದವು. ಪತಂಗ ಹೆಚ್ಚಿದಷ್ಟೂ ಅವಳು ಬೂಚು ಹೆಚ್ಚಿಸಿದಳು. ಔಷಧಿ ಸಾಲದು ಎಂದುಕೊಂಡಳೇ ಹೊರತು ಔಷಧಿಯ ಮೇಲೆ ಅನುಮಾನ ಬರಲಿಲ್ಲ. ಪತಂಗಗಳು ಅವಳ ರಾಶಿಯಿಂದ ಎದ್ದು ಈಶ್ವರನ ಒಳ್ಳೆಯ ಮಾಲಿನ ಮೇಲೂ ಕೂರತೊಡಗಿದವು. ಹಣ್ಣಿನ ಮೇಲೆ ಪತಂಗ ಹಾರುವುದನ್ನು ನೋಡಿ ಗಿರಾಕಿಗಳು ಮುಂದಿನ ಅಂಗಡಿಗೆ ಹೋದರು. ಈಶ್ವರನ ಹಾಸ್ಯ ಕಡಿಮೆಯಾಯಿತು.

ಅವಳ ಮಾಲನ್ನು ಮೊದಲು ಬಿಟ್ಟವನು ಪ್ರೀತಮ್. ಉಡುಪಿ ಕಡೆಯವನು, ವಡಾಲದ ಒಂದು ಹೋಟೆಲಿಗೆ ತರಕಾರಿ ಕೊಳ್ಳುವವನು. ಚಂದ್ರವ್ವನ ಚಾಳಿನಲ್ಲೇ ಎರಡು ಬಾಗಿಲು ಆಚೆ ಅವನ ಮನೆ. ಆ ಗುರುತಿನಿಂದಲೇ ಹೋಟೆಲಿನ ಸಾರಿಗೆ ಬೇಕಾದ ಟೊಮೆಟೊ ಅವಳಿಂದ ಹೋಗುತ್ತಿತ್ತು. ಅವನು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಾನೇ ನಾಲ್ಕು ಹಣ್ಣಿನ ತೊಟ್ಟು ಎತ್ತಿ ನೋಡಿದ.

"ಹಣ್ಣೇನೋ ಸರಿ ಉಂಟು ಅಜ್ಜಿ. ಆದ್ರೆ ನಿನ್ನೆ ಚೀಲ ಬಿಚ್ಚಿದ್ರೆ ಅಡುಗೆಮನೆ ತುಂಬ ಇವೇ ಹಾರಿದ್ದು. ಭಟ್ರು ನನ್ನನ್ನು ಹೇಗೆ ಬೈದ್ರು ಗೊತ್ತುಂಟಾ?"

"ಕಂಬಳ್ಯಾಗ ಉಣ್ಣಾಕ ಕುಂತು ಕೂದಲಾ ಬಂತು ಅಂದ್ರ ಹ್ಯಾಂಗಪಾ ಪ್ರೀತಮಾ? ಮಾರ್ಕೆಟ್ಟಿನ ಮಾಲು, ಒಂದೆರಡು ಬರ್ತಾವ."

"ಒಂದೆರಡಾದ್ರೆ ನಾನು ಮಾತಾಡ್ತೇನಾ ಮಾರಾಯ್ರೆ. ಸ್ವಲ್ಪ ದಿನ ಬೇಡ. ಬೇಸರ ಮಾಡ್ಬೇಡಿ."

ಅವನು ಎದ್ದು ಹೋದ ಮೇಲೆ ಅವಳು ಆ ನಾಲ್ಕು ಹಣ್ಣುಗಳನ್ನು ಮತ್ತೆ ಎತ್ತಿ ನೋಡಿದಳು. ತೂತಿರಲಿಲ್ಲ. ಅದೇ ಅವಳಿಗೆ ಅರ್ಥವಾಗದ ಸಂಗತಿ. ಹುಳ ಒಳಗಿಲ್ಲ, ಆದರೂ ಪತಂಗ ಅವಳನ್ನೇ ಹುಡುಕಿಕೊಂಡು ಬರುತ್ತವೆ. ಲೋಕಲ್‌ನಲ್ಲಿ ಕೂತಾಗ ಸೆರಗಿನ ಮೇಲೂ ಒಂದು ಕೂತಿತ್ತು. ಎದುರಿನ ಮೀನು ಮಾರುವ ಹೆಂಗಸು ಅದನ್ನು ನೋಡಿ ಸ್ವಲ್ಪ ಸರಿದಳು.

ಒಂದು ವಾರ ಕಳೆದ ಮೇಲೆ ಈಶ್ವರ ಮತ್ತು ಇನ್ನಿಬ್ಬರು ವ್ಯಾಪಾರಿಗಳು ಅವಳ ಮುಂದೆ ಬಂದು ನಿಂತರು.

"ಕಾಕು, ಎಲ್ಲಾರೂ ಮಾತಾಡಾಕತ್ತಾರ," ಎಂದ ಈಶ್ವರ. "ನಿಮ್ಮ ಮಾಲಿನ್ಯಾಗ ಏನೋ ಕೆಟ್ಟದ್ದೈತಿ. ಜಾಗಾ ಎಲ್ಲಾ ಝಾಡಸ್ರಿ. ಶುಕ್ರವಾರದ ಒಳಗ ಹುಳಾ ಹೋಗ್ಲಿಲ್ಲಂದ್ರ ನನ್ನ ಕೈಯಾಗೇನೂ ಉಳಿಯಂಗಿಲ್ಲ."

"ಆತಪಾ," ಎಂದಳು ಚಂದ್ರವ್ವ. ಮನೆಗೆ ಹೋದವಳು ಬೂಚು ಇನ್ನಷ್ಟು ಬೇಕೆಂದು ಸೊಸೆಗೆ ಹೇಳಲು ಕಾದು ಕೂತಳು.

ಆ ಸಂಜೆ ವಂದನಾ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ಚಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು.

"ಅತ್ತಿ, ಅದು ದವಾ ಅಲ್ಲ."

"ಯಾವ್ದು?"

"ಬೂಚ. ಇವತ್ತ ಕಾಗದದ ಡಬ್ಬಿ ಬಂದಿದ್ವು, ಒಳಗ ಗೋಂದು ಹಚ್ಚಿದ್ದು. ಬೂಚು ಅದ್ರಾಗ ಇಟ್ಟು ಪ್ಯಾಕ್ ಮಾಡ್ರಿ ಅಂದ್ರು. ಗೋಂದು ಯಾಕ ಅಂತ ಕಿಶೋರ ಸರ್‌ಗೆ ಕೇಳ್ದೆ. ಬೂಚಿನಿಂದ ಕೀಡಾ ಸಾಯಂಗಿಲ್ಲೇನು ಅಂದೆ. ಸರ್ ನಕ್ಕರು. ಅರೆ ಪಗಲೀ, ಯೇ ಜಹರ್ ನಹೀ, ದುಲ್ಹನ್ ಹೈ ಅಂದ್ರು, ವಿಷಾ ಅಲ್ಲ, ಮದಮಗಳು ಅಂತ. ಅದ್ರಾಗ ಹೆಣ್ಣು ಹುಳಾದು ವಾಸನಿ ಐತಿ. ಗಂಡು ಹುಳಾ ಅದನ್ನ ಹುಡುಕ್ಕೋಂತ ಬರ್ತಾವು. ಬಂದು ಗೋಂದಿಗೆ ಹತ್ತಿ ಸಾಯ್ತಾವು."

ತವೆಯ ಮೇಲಿನ ರೊಟ್ಟಿ ಕಪ್ಪಾಯಿತು. ಚಂದ್ರವ್ವ ಅದನ್ನು ತೆಗೆದು ಬದಿಗಿಟ್ಟು, ಸ್ಟವ್ ಆರಿಸಿದಳು.

"ಅಂದ್ರ ನಾ ಕರದೀನಿ ಅವನ್ನ."

"ನೀವಲ್ಲ ಅತ್ತಿ. ನಾನ. ನಾನ ತಂದಿದ್ದು." ವಂದನಾ ಅಳತೊಡಗಿದಳು. "ಮುಝೆ ಮಾಲೂಮ್ ನಹೀ ಥಾ, ನನಗ ಗೊತ್ತಿದ್ದಿಲ್ಲ."

ಚಂದ್ರವ್ವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತೇನೋ, ಎರಡು ಮಾತು ಆಡಿ ಹಗುರಾಗಬಹುದಿತ್ತು. ಅವಳು ಲೆಕ್ಕ ಹಾಕುತ್ತಿದ್ದಳು, ಎಲ್ಲೆಲ್ಲಿ ಇಟ್ಟಿದ್ದೆ ಎಂದು. ರಾಶಿಯಲ್ಲಿ, ತಟ್ಟಿನಡಿ, ಗೋಡೆಯ ಸಂದಿನಲ್ಲಿ, ಬುಟ್ಟಿಯ ತಳದಲ್ಲಿ.

"ಅಳಬ್ಯಾಡ. ನಾಳೆ ಎಲ್ಲಾ ಆರಿಸಿ ತಗದಬಿಡ್ತೀನಿ. ಯಾರಿಗೂ ಹೇಳಬ್ಯಾಡ."

ಮರುದಿನ ಮೊದಲ ಲಾರಿ ಬರುವ ಮೊದಲೇ ಹೋಗಿ ಬೂಚುಗಳನ್ನು ಹುಡುಕಿ ತೆಗೆದಳು. ತಟ್ಟನ್ನು ಸುಟ್ಟಳು. ಚಪ್ಪಡಿ ಕಲ್ಲನ್ನು ಸೋಡಾ ಹಾಕಿ ತಿಕ್ಕಿದಳು. ಹಳೆಯ ಸೀರೆಯನ್ನು ಬಿಟ್ಟು ಬೇರೆ ಉಟ್ಟಳು. ಪತಂಗ ಕಡಿಮೆಯಾದವು, ನಿಲ್ಲಲಿಲ್ಲ. ಆ ವಾಸನೆ ಅವಳ ಮೂಗಿಗೆ ತಾಗದು, ಕೈಗೆ ಸಿಗದು. ಎಲ್ಲಿ ಉಳಿದಿದೆ ಎಂದು ಬಲ್ಲವು ಹುಳಗಳು ಮಾತ್ರ. ಇದು ಗೋಡೆಗೇ ಹಿಡಿದಿದೆಯೋ ತನ್ನ ಬೆರಳಿಗೇ ಹಿಡಿದಿದೆಯೋ ಅವಳಿಗೆ ತಿಳಿಯಲಿಲ್ಲ. ನಿಂಬೆಹಣ್ಣಿನಿಂದ ಕೈ ತಿಕ್ಕಿ ತಿಕ್ಕಿ ಚರ್ಮ ಒಡೆಯಿತು.

ಇನ್ನು ನಾಲ್ಕು ದಿನ ಸಿಕ್ಕಿದ್ದರೆ ತಾನಾಗಿಯೇ ಹೋಗುತ್ತಿತ್ತೇನೋ. ಶುಕ್ರವಾರ ಬೆಳಿಗ್ಗೆ ಗಟಾರ ಬಳಿಯುವವನು ಚಪ್ಪಡಿಯ ಸಂದಿಗೆ ಸಲಾಕೆ ಹಾಕಿದಾಗ ಕಪ್ಪು ಕೆಸರಿನ ಜೊತೆ ಎರಡು ರಬ್ಬರ್ ಬೂಚುಗಳು ಮೇಲೆ ಬಂದವು. ಒಂದರ ಮೇಲೆ ಪತಂಗ ಬಂದು ಕೂತೇಬಿಟ್ಟಿತು. ಈಶ್ವರ ಅದನ್ನು ಕಾಲಿನಿಂದ ಸರಿಸಿ, ಬಗ್ಗಿ, ಬೂಚನ್ನು ಎತ್ತಿಕೊಂಡ.

ಅವನಿಗೆ ಅದೇನೆಂದು ಗೊತ್ತಿತ್ತು. ಅವನ ಅಂಗಡಿಗೆ ಮಾಲು ಕೊಡುವ ಶೇಠ್ ಅದೇ ಕಾರ್ಖಾನೆಯ ಬೂಚಿನ ಪಾಕೀಟುಗಳ ಡಬ್ಬಿಗಳನ್ನು ತರಿಸಿ, ಖಾಲಿ ಕ್ರೇಟುಗಳ ಜೊತೆ ರೈತರಿಗೆ ಕಳಿಸುತ್ತಿದ್ದ. ಡಬ್ಬಿಗಳು ಈಶ್ವರನ ಅಂಗಡಿಯ ಹಿಂದೆ, ತಾಡಪತ್ರಿಯ ಕೆಳಗೆ ಇರುತ್ತಿದ್ದವು.

"ಕಾಕು, ಇದೆಲ್ಲಿಂದ ಬಂತು?"

"ಹೊಲದಾಗ ಕಟ್ಟಿದ್ದು ಕ್ರೇಟಿನ್ಯಾಗ ಬಿದ್ದು ಬಂದಿದ್ದೀತು."

"ಹೊಲದ್ದಾದ್ರ ತಂತಿ ಚುಚ್ಚಿರ್ತಿದ್ರು. ಇದು ಕೋರಾ ಐತಿ, ಬಳಸಿದ್ದಲ್ಲ." ಅವನು ಬೂಚನ್ನು ಅಂಗೈಯಲ್ಲಿ ಹೊರಳಿಸಿದ. ನಿಧಾನವಾಗಿ ಅವನ ಮುಖದಲ್ಲಿ ಒಂದು ಯೋಚನೆ ಮೂಡುವುದು ಅವಳಿಗೆ ಕಾಣಿಸಿತು. "ನಿಮ್ಮ ಸೊಸಿ ಕುರ್ಲಾದಾಗ ಇಂಥಾದ್ದ ಮಾಡೂ ಕಡೆ ಹೋಗ್ತಾಳಂತ ಹೇಳಿದ್ರಲ್ಲ? ತಡೀರಿ, ಶೇಠ್‌ಗೆ ಹೇಳಿ ಕಾರ್ಖಾನಿಗೆ ಒಂದು ಫೋನ್ ಹಚ್ಚಸ್ತೀನಿ. ಅವರ ಕಡೆಯಿಂದ ಯಾರು ಹೊರಗ ತರಾಕತ್ತಾರ ತಿಳಿಲಿ."

ಅವನು ಜೇಬಿನಿಂದ ಮೊಬೈಲು ತೆಗೆದ. ಚಂದ್ರವ್ವನ ಕಣ್ಣಿಗೆ ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತ ಹುಡುಗಿ ಬಂದಳು. ತನ್ನ ಜಾಗ ಹೋಗುವುದು ಖಚಿತವಾಗಿತ್ತು. ಅವಳ ಕೆಲಸವೂ ಹೋಗಬೇಕೇ ಎಂಬುದಷ್ಟೇ ಉಳಿದಿತ್ತು.

"ಫೋನ್ ಬ್ಯಾಡ," ಎಂದಳು. "ನಿನ್ನ ಡಬ್ಬ್ಯಾಗಿಂದ ನಾನ ತಗೊಂಡೀನಿ."

"ಏನಂದ್ರಿ?"

"ತಾಡಪತ್ರಿ ಎತ್ತಿ ತಗೊಂಡೆ. ಔಷಧಿ ಅಂತ ತಿಳಿದಿದ್ದೆ. ಹುಳಾ ಬರಬಾರದು ಅಂತ."

ಕ್ರೇಟು ಹೊತ್ತಿದ್ದ ಹಮಾಲ ಹೊತ್ತಂತೆಯೇ ನಿಂತ. ಈಶ್ವರ ಅವಳನ್ನು ನೋಡಿದ. ಅವನಿಗೆ ನಂಬಲು ಆಗುತ್ತಿರಲಿಲ್ಲ, ನಂಬದಿರಲು ಕಾರಣವೂ ಸಿಗುತ್ತಿರಲಿಲ್ಲ.

"ಕೇಳಿದ್ರ ಕೊಡ್ತಿದ್ದೆನಲ್ಲ ಕಾಕು."

ನಿಜವಾಗಿಯೂ ಅವನು ಕೊಡುತ್ತಿದ್ದ.

"ಕೈ ಇಷ್ಟ ಉದ್ದ ಅದಾವಂತ ಗೊತ್ತಿದ್ದಿಲ್ಲ ಬಿಡ್ರಿ," ಎಂದ ಹಿಂದಿದ್ದ ವ್ಯಾಪಾರಿ. "ಇದಕ್ಕೂ ಮೊದಲ ಏನೇನ್ ಹೋಗೈತೋ. ಹೋದ ತಿಂಗಳ ನಂದೊಂದು ತಕ್ಕಡಿ ಹೋಗಿತ್ತು."

ಆ ತಕ್ಕಡಿಯನ್ನು ಅವಳು ಕಂಡಿರಲೂ ಇಲ್ಲ. ಒಂದನ್ನು ಒಪ್ಪಿಕೊಂಡ ಮೇಲೆ ಇನ್ನೊಂದನ್ನು ಅಲ್ಲ ಎಂದರೆ ಯಾರು ಕೇಳುತ್ತಾರೆ. ಈಶ್ವರ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಅದು ಒಳಗೆ ಹೋಗುವವರೆಗೂ ಅವಳು ನೋಡುತ್ತಿದ್ದಳು.

"ಶಿವಪುತ್ರಪ್ಪನ ಮುಖಾ ನೋಡಿ ಜಾಸ್ತಿ ಮಾತಾಡಂಗಿಲ್ಲ," ಎಂದ ಅವನು. "ನಾಳಿಂದ ಬರಬ್ಯಾಡ್ರಿ."

ರಾಶಿಯನ್ನು ಅಲ್ಲೇ ಬಿಟ್ಟು, ಬುಟ್ಟಿಯನ್ನು ಎತ್ತಿಕೊಂಡು ಚಂದ್ರವ್ವ ಸ್ಟೇಷನ್ನಿನ ಕಡೆ ನಡೆದಳು. ಯಾರೂ ಕೂಗಾಡಲಿಲ್ಲ. ಗಲ್ಲಿಯ ತುದಿಯಲ್ಲಿ ಚಹಾ ಮಾರುವ ಹೆಂಗಸು ಮಾತ್ರ ದಿನದಂತೆ ಲೋಟ ಚಾಚಲು ಹೋಗಿ, ಯಾರೋ ಏನೋ ಹೇಳಿದ್ದಕ್ಕೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಸಂಜೆ ವಂದನಾ ಬಂದಾಗ ಚಂದ್ರವ್ವ ಚುಟುಕಾಗಿ ಎಲ್ಲವನ್ನೂ ಹೇಳಿದಳು. ಹೇಳದೆ ಬಿಟ್ಟರೆ ಪ್ರೀತಮನ ಬಾಯಿಂದ ಕೇಳುತ್ತಾಳೆಂದು ಅವಳಿಗೆ ಗೊತ್ತಿತ್ತು. ವಂದನಾ ಊಟ ಮಾಡಲಿಲ್ಲ. ಬೆಳಗಾದರೂ ಕೆಲಸಕ್ಕೆ ಹೊರಡುವ ಲಕ್ಷಣವಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು.

"ನಾ ಹೋಗಿ ಹೇಳ್ತೀನಿ. ಈಶ್ವರ ಕಾಕಾಗೆ. ಸಚ್ ಬೋಲೂಂಗೀ, ಖರೇ ಏನೈತಿ ಅದನ್ನ."

"ಹೇಳಿದ್ರ ನನ್ನ ಜಾಗಾ ತಿರುಗಿ ಕೊಡ್ತಾರ? ಅತ್ತಿ ಸೊಸಿ ಕೂಡೇ ಕದ್ದಾರ ಅಂತಾರ. ನಿನ್ನ ಕೆಲಸಾನೂ ಹೋಗ್ತದ."

"ಆದ್ರ ನಿಮಗ ಚೋರ್ ಅಂತಾರಲ್ಲ ಅತ್ತಿ."

"ಅಂದಾರ. ಆತು. ಅಂದದ್ದು ತಿರುಗಿ ಹೋಗಂಗಿಲ್ಲ." ಚಂದ್ರವ್ವ ಡಬ್ಬಿ ಕಟ್ಟಿ ಅವಳ ತೊಡೆಯ ಮೇಲಿಟ್ಟಳು. "ಏಳು. ನೀ ಮನ್ಯಾಗ ಕುಂತ್ರ ನಾ ಸುಳ್ಳು ಹೇಳಿದ್ದು ಸುಮ್ಮಸುಮ್ಮನ ಆಗ್ತದ."

ವಂದನಾ ಎದ್ದಳು. ಅತ್ತೆಯ ಮುಖ ನೋಡದೆ ಚಪ್ಪಲಿ ಮೆಟ್ಟಿದಳು. ಆ ದಿನ ಮಾತ್ರವಲ್ಲ, ಮುಂದೆಯೂ ಅವಳು ಸರಿಯಾಗಿ ಮುಖ ನೋಡಲಾರಳು ಎಂದು ಚಂದ್ರವ್ವನಿಗೆ ಆಗಲೇ ಅನಿಸಿತು. ಹುಡುಗಿಯ ಕೆಲಸ ಉಳಿದಿತ್ತು. ಈಗಷ್ಟೇ ಶುರುವಾಗಿದ್ದ ಮಾತುಕತೆ ಉಳಿಯುವ ಹಾಗೆ ಕಾಣಲಿಲ್ಲ.

ಬಿಸಿಲು ಏರಿತು. ಆ ಹೊತ್ತಿನಲ್ಲಿ ತನ್ನ ಕೋಣೆ ಹೇಗಿರುತ್ತದೆಂದು ಚಂದ್ರವ್ವ ವರ್ಷಗಳಿಂದ ಕಂಡಿರಲಿಲ್ಲ. ಪಾತ್ರೆ ತೊಳೆದಳು, ನೆಲ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆಗ ಪ್ರೀತಮನ ಹೆಂಡತಿ ಸೇವಂತಿ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಸೇವಂತಿಯ ಮನೆಯ ಇನ್ನೊಂದು ಕೀಲಿ ಚಂದ್ರವ್ವನ ಹತ್ತಿರ ಇರುತ್ತಿತ್ತು, ಮಧ್ಯಾಹ್ನ ಗ್ಯಾಸಿನವನೋ ನೀರಿನವನೋ ಬಂದರೆ ಇರಲಿ ಎಂದು.

"ಅಜ್ಜಿ, ಆ ಕೀ ಒಮ್ಮೆ ಕೊಡ್ತೀರಾ? ಇವತ್ತು ನಾನು ಮನೆಯಲ್ಲೇ ಇರ್ತೇನೆ."

"ಕೊಡ್ತೀನವಾ," ಎಂದು ಚಂದ್ರವ್ವ ಮೊಳೆಯಿಂದ ಕೀಲಿ ತೆಗೆದಳು.

ಸೇವಂತಿ ಅದನ್ನು ಮುಷ್ಟಿಯಲ್ಲಿ ಹಿಡಿದಳು. "ಇವ್ರು ಏನೋ ಹೇಳಿದ್ರು. ನಾನು ನಂಬಲಿಲ್ಲ. ಅದು ಹೌದಾ ಅಜ್ಜಿ?"

ಅವಳು ಅಲ್ಲ ಎಂಬ ಉತ್ತರಕ್ಕಾಗಿ ಕಾಯುತ್ತಿದ್ದಳು. ಅಲ್ಲ ಎಂದರೆ ಪ್ರೀತಮನಿಗೆ ಹೇಳುತ್ತಾಳೆ, ಅವನು ಗಲ್ಲಿಯಲ್ಲಿ ಹೇಳುತ್ತಾನೆ, ಮತ್ತೆ ಆ ಮೊಬೈಲು ಜೇಬಿನಿಂದ ಹೊರಗೆ ಬರುತ್ತದೆ.

"ಹೌದವಾ," ಎಂದಳು ಚಂದ್ರವ್ವ.

ಸೇವಂತಿ ತಲೆ ತಗ್ಗಿಸಿ ಹೊರಟಳು. ಸ್ವಲ್ಪ ಹೊತ್ತಿನಲ್ಲಿ ಎರಡು ಬಾಗಿಲು ಆಚೆ ಬೀಗ ಹಾಕಿದ ಸದ್ದು ಕೇಳಿತು. ಆಮೇಲೆ ಜಗ್ಗಿ ನೋಡಿದ ಸದ್ದು. ಮನೆಯಲ್ಲೇ ಇರುತ್ತೇನೆಂದವಳು ಕೆಲಸಕ್ಕೆ ಹೊರಟಿದ್ದಳು.

ಚಂದ್ರವ್ವ ತನ್ನ ಬಾಗಿಲನ್ನು ಅರ್ಧ ಮುಂದೆ ಮಾಡಿ, ನೆಲದ ಮೇಲೆ ಕೂತಳು.